‘ಹೊಡಿ’ ಅನ್ನೋ ಮಾತನ್ನು ಹೊರಗಿನವರಿಗೆ ಹೇಗೆ ಕಲಿಸೋದು?

ಕಾಳಿತೀರ (ಕಾರವಾರ)

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ವಿಷಯ, ಆದರೆ ಬರೆದದ್ದು ಉದ್ದವಾಗಿದೆ. ಬೇಜಾರು ಮಾಡಿಕೊಳ್ಳದೆ ಓದಿ.

ನಾನು ಹುಟ್ಟಿ ಬೆಳೆದದ್ದು ಸಿರಸಿ ಹತ್ತಿರದ ತೋಟದ ಮನೆಯಲ್ಲಿ. ಮದುವೆಯಾಗಿ ಕಾರವಾರಕ್ಕೆ ಬಂದು 22 ವರ್ಷವಾಯಿತು. ಮಧ್ಯಾಹ್ನದ ಹೊತ್ತು ಮನೆಯಲ್ಲೇ ನಾಲ್ಕೈದು ಜನರಿಗೆ ಕನ್ನಡ ಮಾತಾಡೋದು ಹೇಳಿಕೊಡುತ್ತೇನೆ. ಇಲ್ಲಿ ನೌಕಾನೆಲೆ ಇದೆ, ಆ ಕಡೆ ಕೈಗಾ ಇದೆ. ಎಲ್ಲೆಲ್ಲಿಂದಲೋ ಬಂದವರು ಇದ್ದಾರೆ. ಅಂಗಡಿಯಲ್ಲಿ, ಆಟೋದಲ್ಲಿ, ಮೀನು ಪೇಟೆಯಲ್ಲಿ ನಾಲ್ಕು ಮಾತಾಡಬೇಕು ಅನ್ನೋ ಆಸೆ ಅವರಿಗೆ.

ಅವರಲ್ಲಿ ಒಬ್ಬರು ಹಿಂದಿ ಮಾತಾಡುವ ಊರಿನವರು. ಗಂಡ ನೌಕಾಪಡೆಯಲ್ಲಿದ್ದಾರೆ. ಬಹಳ ಶ್ರದ್ಧೆಯವರು. ನೀಲಿ ರಟ್ಟಿನ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾರೆ. ಒಂದು ಪುಟಕ್ಕೆ ಒಂದು ಕ್ರಿಯಾಪದ. ಮೇಲೆ ಕನ್ನಡ ಪದ, ಪಕ್ಕದಲ್ಲಿ ಅವರ ಲಿಪಿಯಲ್ಲಿ ಅರ್ಥ, ಕೆಳಗೆ ಮೂರು ವಾಕ್ಯ. ತಿನ್ನು, ಕುಡಿ, ಓದು, ಎಲ್ಲ ಸಲೀಸಾಗಿ ಆಯಿತು. ‘ಹೊಡಿ’ಗೆ ಬಂದಾಗ ‘ಮಾರ್‌ನಾ’ ಅಂತ ಅರ್ಥ ಬರೆಸಿದೆ. ‘ನಾಯಿಗೆ ಹೊಡಿಬೇಡ’ ಅನ್ನೋ ವಾಕ್ಯ ಬರೆಸಿ ಪುಟ ತಿರುವಿದೆ. ಅಲ್ಲೇ ನಾನು ಎಡವಿದ್ದು.

ಮುಂದಿನ ವಾರ ಅವರು ಯಾವುದೋ ಕಾಗದಕ್ಕಾಗಿ ಒಂದು ಕಚೇರಿಗೆ ಹೋಗಿದ್ದರು. ಕೌಂಟರಿನವರು ಅರ್ಜಿ ನೋಡಿ, ‘ಮೇಲೆ ಹೋಗಿ ಸೀಲು ಹೊಡೆಸ್ಕೊಂಡು ಬನ್ನಿ’ ಎಂದರಂತೆ. ನಾನೇ ಹಿಂದಿನ ಪಾಠದಲ್ಲಿ ‘ಹೊಡೆಸ್ಕೊಂಡ’ ಅಂದರೆ ಪೆಟ್ಟು ತಿಂದ ಅಂತ ಹೇಳಿದ್ದೆ. ಸೀಲು ಅನ್ನೋದು ಮೇಲಿನ ಮಹಡಿಯ ಯಾರೋ ಸಾಹೇಬರ ಹೆಸರು ಅಂದುಕೊಂಡರು. ಅವರ ಹತ್ತಿರ ಹೋಗಿ ಪೆಟ್ಟು ತಿಂದು ಬಾ ಅಂತ ಯಾಕೆ ಹೇಳಿದರು ಅಂತ ಮೆಟ್ಟಿಲ ಮೇಲೆ ಸುಮಾರು ಹೊತ್ತು ನಿಂತು, ಕೊನೆಗೆ ಮನೆಗೇ ವಾಪಸ್ ಬಂದರು. ಸಂಜೆ ನನ್ನ ಹತ್ತಿರ ಹೇಳುವಾಗ ಅವರ ಮುಖ ಸಣ್ಣದಾಗಿತ್ತು. ನನಗೆ ನಿಜವಾಗಿಯೂ ಬೇಸರವಾಯಿತು. ಒಂದು ಪದವನ್ನು ಅರ್ಧ ಕಲಿಸಿ ಒಬ್ಬರನ್ನು ಪೇಟೆಗೆ ಕಳಿಸಿದ ಹಾಗಾಯಿತಲ್ಲ.

ಮರುದಿನ ಅಂಕೋಲಾಕ್ಕೆ ಹೋಗೋದಿತ್ತು. ದಾರಿಯಲ್ಲಿ ಈ ಒಂದು ಪದಕ್ಕೆ ಕಿವಿ ಕೊಟ್ಟು ಕೂತೆ. ಬಸ್ ಹತ್ತಿದಾಗ ಡ್ರೈವರ್ ಇರಲಿಲ್ಲ. ‘ಚಾ ಹೊಡೀತಾ ಇದ್ದಾರೆ, ಬಂದ್ರು’ ಎಂದರು ಕಂಡಕ್ಟರ್. ಕಿಟಕಿ ಪಕ್ಕ ಕೂತರೆ ಒಬ್ಬ ಹುಡುಗಿ, ‘ಅಕ್ಕಾ, ಆ ಕಡೆ ಬಿಸಿಲು ಹೊಡೀತದೆ, ಈ ಕಡೆ ಬನ್ನಿ’ ಎಂದಳು. ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು. ಒಬ್ಬ ಕ್ಲಾಸಿಗೆ ಚಕ್ಕರ್ ಹೊಡೆದಿದ್ದನಂತೆ. ಇನ್ನೊಬ್ಬನ ಹತ್ತಿರ ಕಾಪಿ ಹೊಡೆಯೋಕೆ ನೋಟ್ಸ್ ಕೇಳುತ್ತಿದ್ದ. ‘ಊರಿಗೆ ಹೋದ್ಮೇಲೆ ಫೋನ್ ಹೊಡಿ, ಕೊಡ್ತೇನೆ’ ಎಂದ ಇವನು. ಮುಂದಿನ ಸೀಟಿನ ಅಜ್ಜ ಬಿಣಗಾ ದಾಟುವ ಮೊದಲೇ ಗೊರಕೆ ಹೊಡೆಯೋಕೆ ಶುರು ಮಾಡಿದ್ದರು. ಯಾರದ್ದೋ ಒಣಮೀನಿನ ಚೀಲ ವಾಸನೆ ಹೊಡೆಯುತ್ತಿತ್ತು. ಅಂಕೋಲಾದಲ್ಲಿ ಇಳಿಯುವಾಗ ಬೆರಳು ಮಡಚಿ ಲೆಕ್ಕ ಹಾಕಿದರೆ 14 ಸಲ ಆಗಿತ್ತು. ಒಂದರಲ್ಲಿಯೂ ಯಾರಿಗೂ ಪೆಟ್ಟು ಬಿದ್ದಿರಲಿಲ್ಲ!

ರಾತ್ರಿ ಅಮ್ಮನಿಗೆ ಫೋನ್ ಮಾಡಿದರೆ ಅಲ್ಲಿಯೂ ಅದೇ. ‘ಮದ್ದು ಹೊಡೆಯೋಕೆ ಜನ ಸಿಕ್ಕಿಲ್ಲ, ಮಳೆ ಹತ್ತಿರ ಬಂತು.’ ತೋಟದವರಿಗೆ ಇದು ಗೊತ್ತೇ ಇದೆ. ಅಡಿಕೆಗೆ ಕೊಳೆ ರೋಗ ಬರಬಾರದು ಅಂತ ಮಳೆಗಾಲ ಹಿಡಿಯುವ ಮೊದಲು ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. 1 ಕೆಜಿ ಮೈಲುತುತ್ತ (ತಾಮ್ರದ ನೀಲಿ ಉಪ್ಪು), 1 ಕೆಜಿ ಸುಣ್ಣ, 100 ಲೀಟರ್ ನೀರು. ಅಪ್ಪ ಡ್ರಮ್ಮಿನ ಹತ್ತಿರ ಕೂತು, ಹೊಳೆಯುವ ಚಾಕುವನ್ನು ಆ ನೀಲಿ ನೀರಿನಲ್ಲಿ ಅದ್ದಿ ಹಿಡಿಯುತ್ತಿದ್ದರು. ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಲೆಕ್ಕ. ಇನ್ನೊಂದಿಷ್ಟು ಸುಣ್ಣದ ನೀರು ಹೊಯ್ದು ಮತ್ತೆ ಅದ್ದುತ್ತಿದ್ದರು. ಚಾಕು ಬೆಳ್ಳಗೇ ಬಂದ ಮೇಲೆ ‘ಹ್ಞಾಂ, ಈಗ ಹೊಡೀರಿ’ ಎನ್ನುತ್ತಿದ್ದರು. ನನ್ನ ಕಿವಿಯಲ್ಲಿ ‘ಹೊಡಿ’ ಅಂದರೆ ಮೊದಲು ಬರೋದೇ ಆ ದನಿ. ಮರದ ತುದಿಯಿಂದ ಎಲೆ ಮೇಲೆಲ್ಲ ನೀಲಿ ಹನಿ ಉದುರುತ್ತಿತ್ತು. ಆ ಮಾತಿನಲ್ಲಿ ಪೆಟ್ಟಿನ ನೆನಪೇ ಇಲ್ಲ. ಕಾಪಾಡುವ ಕೆಲಸ ಅದು.

ಈಗ ನನ್ನ ಪ್ರಶ್ನೆ. ಐವತ್ತು ವಾಕ್ಯ ಬರೆಸಿ ಬಾಯಿಪಾಠ ಮಾಡಿಸೋಕೆ ನನಗೆ ಇಷ್ಟವಿಲ್ಲ. ಐವತ್ತೊಂದನೆಯದು ನಾಳೆ ಬಸ್ಸಿನಲ್ಲಿ ಸಿಗುತ್ತದೆ. ಹೊಸದು ಕಿವಿಗೆ ಬಿದ್ದಾಗ ಅವರೇ ಊಹಿಸುವ ಹಾಗೆ ಏನಾದರೂ ಒಂದು ಹಿಡಿ ಇದೆಯಾ? ನನಗೆ ಹೊಳೆದದ್ದು ಇಷ್ಟು. ಕೆಲವು ಕಡೆ ನಾವು ಹೊಡೆಯುತ್ತೇವೆ: ಚಾ, ನಿದ್ದೆ, ಹರಟೆ. ಕೆಲವು ಕಡೆ ಅದೇ ಬಂದು ನಮಗೆ ಹೊಡೆಯುತ್ತದೆ: ಬಿಸಿಲು, ಕರೆಂಟ್, ಬೋರ್. ಆಮೇಲೆ, ಎಲ್ಲಿ ಇದನ್ನು ಹೇಳಬಾರದು ಅನ್ನೋದೂ ಮುಖ್ಯ. ಗೆಳತಿಗೆ ‘ಬಾ, ಚಾ ಹೊಡಿಯೋಣ’ ಅನ್ನಬಹುದು. ಗಂಡನ ಮೇಲಧಿಕಾರಿಯ ಮನೆಯವರಿಗೆ ‘ಊಟ ಹೊಡೀರಿ’ ಅಂದರೆ ಹೇಗಿರುತ್ತೆ ಹೇಳಿ. ನಿಮ್ಮ ನಿಮ್ಮ ಊರಲ್ಲಿ ಇದು ಹೇಗೆಲ್ಲ ಬಳಕೆಯಲ್ಲಿದೆ, ದಯವಿಟ್ಟು ಬರೆಯಿರಿ.

ಡಬಲ್ ಬೆಲ್ (ಕುಮಟಾ)

ಅಕ್ಕಾ, ನಾನು 31 ವರ್ಷ ಕಂಡಕ್ಟರ್ ಆಗಿದ್ದವನು. ಈಗ ನಿವೃತ್ತಿ. ನಮ್ಮ ಇಡೀ ಕೆಲಸವೇ ಈ ಒಂದು ಮಾತಿನ ಮೇಲೆ ನಿಂತಿತ್ತು ಅಂತ ನಿಮ್ಮ ಬರಹ ಓದಿದ ಮೇಲೆ ಗೊತ್ತಾಯಿತು.

ಬೆಳಿಗ್ಗೆ ಡಿಪೋದಲ್ಲಿ ಟೈರಿಗೆ ಗಾಳಿ ಹೊಡೆಸಬೇಕು. ಮೆಕ್ಯಾನಿಕ್ ಗ್ರೀಸ್ ಹೊಡೆದಿದ್ದಾನಾ ನೋಡಬೇಕು. ಡ್ರೈವರ್ ಸೆಲ್ಫ್ ಹೊಡೆಯುತ್ತಾನೆ. ನಾನು ಬೆಲ್ ಹೊಡೆಯುತ್ತೇನೆ. ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೋಗು. ಮೊದಲು ಕಾಗದದ ಟಿಕೆಟ್ ಇದ್ದಾಗ ಪಂಚ್ ಹೊಡೆಯುತ್ತಿದ್ದೆವು. ಯಂತ್ರ ಬಂದ ಮೇಲೆ ಟಿಕೆಟ್ಟನ್ನೇ ಹೊಡೆಯುತ್ತೇವೆ. ದೇವಿಮನೆ ಘಟ್ಟದಲ್ಲಿ ತಿರುವು ತಿರುವಿಗೆ ಹಾರ್ನ್ ಹೊಡೆಯಬೇಕು. ದನ ಅಡ್ಡ ಬಂದರೆ ಬ್ರೇಕ್ ಹೊಡೆಯಬೇಕು. ಬ್ರೇಕ್ ‘ಹಾಕಿದ’ ಅಂದರೆ ನಿಧಾನಕ್ಕೆ ನಿಲ್ಲಿಸಿದ. ‘ಹೊಡೆದ’ ಅಂದರೆ ನಿಂತವರೆಲ್ಲ ಮುಂದೆ ಬಿದ್ದರು. ಈ ವ್ಯತ್ಯಾಸ ನಿಮ್ಮ ವಿದ್ಯಾರ್ಥಿಗೆ ಹೇಳಿ, ಉಪಯೋಗ ಆಗುತ್ತದೆ. ಹೊಡೆಯೋದು ಅಂದರೆ ಒಂದೇ ಸಲಕ್ಕೆ, ಜೋರಾಗಿ. ಚಾ ಕುಡಿಯೋದು ಮನೆಯಲ್ಲಿ ಕೂತು. ಹೊಡೆಯೋದು ಬಸ್ ನಿಂತ ಐದು ನಿಮಿಷದಲ್ಲಿ, ನಿಂತುಕೊಂಡು, ಸುಡುಸುಡು.

ದಿನಕ್ಕೆ ಎರಡು ಟ್ರಿಪ್ ಹೊಡೆದರೆ ಡ್ಯೂಟಿ ಮುಗಿಯಿತು. ಯಾರಾದರೂ ರಜೆ ಹಾಕಿದರೆ ಅವರ ಬದಲು ನೈಟ್ ಕೂಡ ಹೊಡೆಯಬೇಕಾಗುತ್ತಿತ್ತು. ನೈಟ್ ಹೊಡೆದು ಬಂದವನು ಮನೆಯಲ್ಲಿ ನಿದ್ದೆ ಹೊಡೆಯುತ್ತಾನೆ.

ಇನ್ನೊಂದು. ಅರಬೈಲ್ ಘಟ್ಟದಲ್ಲಿ ಲಾರಿ ಪಲ್ಟಿ ಹೊಡೆಯಿತು ಅಂತೇವೆ. ಪಾಪ, ಅಲ್ಲಿ ಲಾರಿ ಯಾರಿಗೂ ಏನೂ ಮಾಡಿಲ್ಲ. ತಾನೇ ಮಗುಚಿಕೊಂಡು ಬಿದ್ದಿದೆ. ಆದರೂ ‘ಹೊಡೆಯಿತು’!

ಕೊನೆಗೊಂಚಲು (ಸಿದ್ದಾಪುರ)

ನಿಮ್ಮ ಅಪ್ಪನ ಚಾಕುವಿನ ಪರೀಕ್ಷೆ ಓದಿ ಖುಷಿಯಾಯಿತು. ನಾನು ಈಗಲೂ ಹಾಗೇ ನೋಡುತ್ತೇನೆ. ಮರ ಹತ್ತುವವರು ಕಡಿಮೆಯಾದ ಮೇಲೆ ನಾವು ಕಾರ್ಬನ್ ಫೈಬರ್ ದೋಟಿ, ಅಂದರೆ ಮರದ ತುದಿಗೆ ಮುಟ್ಟುವ ಉದ್ದ ಕೋಲು, ತಂದೆವು. ಈಗ ಕೆಳಗೆ ನಿಂತೇ ಹೊಡೆಯೋದು. ಕತ್ತು ನೋವು ಬಂದರೂ ಜೀವಭಯ ಇಲ್ಲ. ಮೊದಲನೇ ಸಲ ಹೊಡೆದು 40-45 ದಿನಕ್ಕೆ ಎರಡನೇ ಸಲ ಹೊಡೆಯಲೇಬೇಕು. ನಡುವೆ ಮಳೆ ಬಿಡುವು ಕೊಡಬೇಕು, ಅದೇ ಕಷ್ಟ.

‘ಮದ್ದು’ ವಿಷಯದಲ್ಲಿ ಮಾತ್ರ ಹುಷಾರಾಗಿ ಕಲಿಸಿ. ಮರಕ್ಕೆ ಮದ್ದು ಹೊಡೆದರೆ ಕೊಳೆಯ ಔಷಧ. ತೇರಿನ ದಿನ ಮದ್ದು ಹೊಡೆದರೆ ಅದು ಗರ್ನಾಲು, ಪಟಾಕಿ. ಮಗುವಿಗೆ ಮದ್ದು ‘ಕೊಡೋದು’, ಗಾಯಕ್ಕೆ ‘ಹಚ್ಚೋದು’. ಇನ್ನು ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಅಂದರೆ ಬೇರೆಯೇ ಕಥೆ, ಹಳ್ಳಿಯಲ್ಲಿ ಎರಡು ಮನೆಯವರು ಮಾತು ಬಿಡುವಂಥದ್ದು. ಹೆಸರು ಒಂದೇ, ಕ್ರಿಯಾಪದ ಬದಲಾದರೆ ಎಲ್ಲ ಬದಲು.

ಎಣ್ಣೆಯದ್ದೂ ಹಾಗೆಯೇ. ‘ತಲೆಗೆ ಎಣ್ಣೆ ಹಚ್ಚಿದೆ’ ಅನ್ನೋ ಬದಲು ‘ಎಣ್ಣೆ ಹೊಡೆದೆ’ ಅಂದುಬಿಟ್ಟರೆ ಕುಡಿದೆ ಅಂತಾಗುತ್ತದೆ. ಇದನ್ನು ಮೊದಲ ದಿನವೇ ಹೇಳಿಬಿಡಿ.

ಶುದ್ಧಲೇಖನಿ (ಹೊನ್ನಾವರ)

ನನ್ನ ಅಭಿಪ್ರಾಯ ಬೇರೆ. ಹೊಸದಾಗಿ ಕಲಿಯುವವರಿಗೆ ಇದೆಲ್ಲ ಯಾಕೆ? ಚಾ ಕುಡಿ, ನಿದ್ದೆ ಮಾಡು, ಫೋನ್ ಮಾಡು ಅಂತ ಸರಿಯಾದ ರೂಪ ಕಲಿಸಿದರೆ ಸಾಕು. ಬೀದಿ ಮಾತು ಹೇಗೂ ಬೀದಿಯಲ್ಲಿ ಸಿಗುತ್ತದೆ. ಶಿಕ್ಷಕಿಯೇ ಅದನ್ನು ಪುಸ್ತಕದಲ್ಲಿ ಬರೆಸಿದರೆ ಭಾಷೆಯ ಮರ್ಯಾದೆ ಕಡಿಮೆಯಾಗುವುದಿಲ್ಲವೇ?

ಕಾಳಿತೀರ (ಕಾರವಾರ)

ಡಬಲ್ ಬೆಲ್ ಅಣ್ಣ, ಬ್ರೇಕಿನ ಉದಾಹರಣೆಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅದನ್ನು ನಾಳೆಯೇ ಬಳಸುತ್ತೇನೆ.

ಶುದ್ಧಲೇಖನಿಯವರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ನನಗೂ ಭಾಷೆಯ ಮೇಲೆ ಅಷ್ಟೇ ಪ್ರೀತಿ. ಆದರೆ ‘ಗೊರಕೆ ಹೊಡೆ’ ಅನ್ನೋದಕ್ಕೆ ನೀವು ಬದಲು ಏನು ಕಲಿಸುತ್ತೀರಿ? ‘ಗೋಡೆಗೆ ಬಣ್ಣ ಹೊಡೆ’, ‘ಮೊಳೆ ಹೊಡೆ’, ‘ಗಂಟೆ ಹೊಡೆ’, ‘ಸೀಟಿ ಹೊಡೆ’ ಇವೆಲ್ಲ ಬೀದಿ ಮಾತಾ? ಮಾರಿಕಾಂಬಾ ಗುಡಿಗೆ ಹೋದ ಎಳೇ ಮಗು ಕೂಡ ‘ಅಮ್ಮಾ, ನಾನು ಗಂಟೆ ಹೊಡೀತೆ’ ಅನ್ನುತ್ತದೆ. ಸೀಲು ಹೊಡೆಯೋದು ಸರ್ಕಾರಿ ಕಚೇರಿಯೊಳಗಿನ ಮಾತು. ಬೀದಿ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಅಂತ ಗೆರೆ ಹೊಡೆಯೋದೇ ಕಷ್ಟ. ನೋಡಿ, ಇಲ್ಲೂ ಬಂತು.

ಅವರು ಮೆಟ್ಟಿಲ ಮೇಲೆ ನಿಂತು ವಾಪಸ್ ಬಂದದ್ದು ನಾನು ಬರೀ ಪುಸ್ತಕದ ಅರ್ಥ ಕಲಿಸಿದ್ದಕ್ಕೇ. ಹೇಳೋಕೆ ಬಾರದಿದ್ದರೂ ಚಿಂತೆಯಿಲ್ಲ, ಕೇಳಿದಾಗ ತಿಳಿಯಲೇಬೇಕು. ಯಾವುದನ್ನು ಯಾರ ಮುಂದೆ ಹೇಳಬಾರದು ಅಂತಲೂ ಜೊತೆಯಲ್ಲೇ ಹೇಳುತ್ತೇನೆ. ಹುಡುಗಿಯರಿಗೆ ‘ಲೈನ್ ಹೊಡೆಯೋದು’, ಕಂಡವರ ‘ದುಡ್ಡು ಹೊಡೆಯೋದು’ ಇವನ್ನು ಗೊತ್ತಿರಲಿ ಅಂತ ಮಾತ್ರ ಕಲಿಸೋದು.

ಗಡಿಹೊಲ (ಹಳಿಯಾಳ)

ನಮ್ಮದು ಘಟ್ಟದ ಮೇಲಿನ, ಧಾರವಾಡಕ್ಕೆ ಹತ್ತಿದ ಭಾಗ. ಮಾತೂ ಆ ಕಡೆಯದೇ. ನಮ್ಮಲ್ಲಿ ಹೊಡೆಯೋದು ಅಂದರೆ ಮೊದಲು ನೆನಪಾಗೋದು ಎತ್ತು. ಗಳೆ ಹೊಡಿ ಅಂದರೆ ಉಳು. ಕುಂಟಿ ಹೊಡಿ, ಗಾಡಿ ಹೊಡಿ. ಸಂಜೆಗೆ ಎಮ್ಮಿ ಹೊಡಕೊಂಡು ಬಾ. ಇದರಲ್ಲಿ ಪೆಟ್ಟು ಕೊಡೋದು ಮುಖ್ಯ ಅಲ್ಲ. ನನ್ನ ಅಪ್ಪ 40 ವರ್ಷ ಗಾಡಿ ಹೊಡೆದರು. ಬಾರುಕೋಲು ಕೈಯಲ್ಲಿ ಇರುತ್ತಿತ್ತು, ಎತ್ತಿನ ಮೈಮೇಲೆ ಬಿದ್ದದ್ದು ನಾನು ನೋಡಲಿಲ್ಲ. ‘ಹೋಯ್’ ಅನ್ನುವ ದನಿ ಸಾಕಾಗುತ್ತಿತ್ತು. ನಡೆಸೋದು, ಮುಂದೆ ದಬ್ಬೋದು, ಇದೇ ಅದರ ಅರ್ಥ. ಎತ್ತಿನ ಗಾಡಿ ಹೊಡೆದವನ ಮೊಮ್ಮಗ ಇವತ್ತು ಕಾರು ಹೊಡೆಯುತ್ತಾನೆ. ಊರಲ್ಲಿ ಒಂದು ರೌಂಡ್ ಹೊಡೆಯುತ್ತಾನೆ. ಅದಕ್ಕೇ ಕಂಡಕ್ಟರ್ ಸಾಹೇಬರ ಟ್ರಿಪ್ಪೂ ‘ಹೊಡೆಯೋದು’ ಅಂತ ನನ್ನ ನಂಬಿಕೆ.

ಇನ್ನೊಂದು ನೋಡಿ. ರೊಟ್ಟಿ ಮಾತ್ರ ನಾವು ಹೊಡೆಯೋದಿಲ್ಲ, ಬಡಿಯುತ್ತೇವೆ. ಕೈಯಿಂದ ತಟತಟ ಅಂತ ನಿಜವಾಗಿ ಪೆಟ್ಟು ಬೀಳೋದು ಅಲ್ಲೇ. ಆದರೆ ‘ರೊಟ್ಟಿ ಹೊಡೆದ’ ಅಂದರೆ ನಾಲ್ಕು ರೊಟ್ಟಿ ತಿಂದು ಮುಗಿಸಿದ ಅಂತ ಅರ್ಥ! ಬಡಿಯೋಳು ಅವ್ವ, ಹೊಡೆಯೋನು ಮಗ.

ಬೇರುಬಿಳಲು (ಸಿರಸಿ)

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ನೀವು ಕೇಳಿದ ‘ಹಿಡಿ’ಗೆ ನನ್ನ ಹತ್ತಿರ ಒಂದು ಉತ್ತರ ಇದೆ. ನಮ್ಮ ಕಣ್ಣ ಮುಂದೆಯೇ ಇರೋದು, ಗಮನ ಹೋಗೋದಿಲ್ಲ ಅಷ್ಟೆ.

‘-ಗೆ’ ಎಲ್ಲಿದೆ ನೋಡಿ. ‘ನಾಯಿಗೆ ಹೊಡೆ’: ‘-ಗೆ’ ಇದೆ, ಪೆಟ್ಟು ನಾಯಿಗೆ. ‘ಚಾ ಹೊಡಿ’, ‘ನಿದ್ದೆ ಹೊಡಿ’, ‘ಸೀಲು ಹೊಡಿ’: ಹಿಂದಿನ ಪದ ಬರಿಮೈಯಲ್ಲಿ ನಿಂತಿದೆ. ಪ್ರತ್ಯಯ ಇಲ್ಲ. ಹಾಗಿದ್ದಾಗ ಅರ್ಥವೆಲ್ಲ ಆ ಹಿಂದಿನ ಪದದ್ದು. ಹೊಡಿ ಅನ್ನೋದು ಅದನ್ನು ಹೊತ್ತು ನಡೆಯುವ ಎತ್ತು. ಗೊರಕೆ ಹೊಡೆಯೋದರಲ್ಲಿ ಕೆಲಸ ಗೊರಕೆಯದ್ದು. ಎರಡೂ ಒಟ್ಟಿಗೆ ಬಂದರೆ? ‘ಗೋಡೆಗೆ ಬಣ್ಣ ಹೊಡಿ’, ‘ಟೈರಿಗೆ ಗಾಳಿ ಹೊಡಿ’, ‘ಮರಕ್ಕೆ ಮದ್ದು ಹೊಡಿ’. ‘-ಗೆ’, ‘-ಕ್ಕೆ’ ಹತ್ತಿದ್ದರ ಮೇಲೆ ಬರಿಮೈಯದ್ದು ಹೋಗಿ ಬೀಳುತ್ತದೆ. ‘ನನಗೆ ಬೋರ್ ಹೊಡೀತಿದೆ’, ‘ನನಗೆ ಕರೆಂಟ್ ಹೊಡೀತು’ ಅಂದಾಗಲೂ ಲೆಕ್ಕ ಅದೇ. ನನ್ನ ಮೇಲೆ ಬಂದು ಬಿದ್ದದ್ದು ಬೋರ್, ಕರೆಂಟ್. ನಾವು ಹೊಡೆಯೋದು, ಅದು ನಮಗೆ ಹೊಡೆಯೋದು ಅಂತ ನೀವು ಎರಡು ಗುಂಪು ಮಾಡಿದಿರಲ್ಲ, ಅವನ್ನು ಬೇರೆ ಮಾಡೋದು ಈ ಪುಟ್ಟ ‘-ಗೆ’. ‘ಸೀಲು ಹೊಡೆಸ್ಕೊಂಡು ಬನ್ನಿ’ಯಲ್ಲಿ ಸೀಲಿಗೆ ಯಾವ ಬಾಲವೂ ಇಲ್ಲ. ಸಾಹೇಬರ ಹೆಸರೇ ಆಗಿದ್ದರೆ ‘ಸೀಲು ಅವರ ಹತ್ತಿರ’ ಅಂತಲೋ ‘ಸೀಲು ಅವರಿಂದ’ ಅಂತಲೋ ಬರಬೇಕಿತ್ತು.

ಇದಕ್ಕೆ ತಪ್ಪಿಸಿಕೊಳ್ಳುವ ಒಂದು ಗುಂಪಿದೆ. ‘ಹಾವಿಗೆ ಹೊಡೆದರು’ ಅಂದರೆ ಹಾವು ಓಡಿಹೋಗಿರಬಹುದು. ‘ಹಾವು ಹೊಡೆದರು’ ಅಂದರೆ ಸತ್ತೇ ಹೋಯಿತು. ‘ಹಂದಿ ಹೊಡೆದರು’ ಅಂದರೂ ಹಾಗೆಯೇ. ಪ್ರತ್ಯಯ ಬಿದ್ದುಹೋದರೆ ಕೆಲಸ ಪೂರ್ತಿ ಮುಗಿಯಿತು ಅಂತ. ‘ಒಂದೇ ಹೊಡೆತಕ್ಕೆ ಮುಗಿಸಿದ’ ಅಂತೇವಲ್ಲ, ಆ ಭಾವ. ಕಂಡಕ್ಟರ್ ಅಣ್ಣ ಹೇಳಿದ ‘ಒಂದೇ ಸಲಕ್ಕೆ, ಜೋರಾಗಿ’ ಇದರ ಜೊತೆ ಸರಿಯಾಗಿ ಕೂರುತ್ತದೆ. ಅವರು ವ್ಯಾಕರಣ ಓದಿದವರಿಗಿಂತ ಚೆನ್ನಾಗಿ ಹೇಳಿದ್ದಾರೆ.

ಇನ್ನು, ಇದು ಕನ್ನಡದ ಒಬ್ಬಂಟಿ ಗುಣ ಅಲ್ಲ. ತಮಿಳಿನವರು ‘ಅಡಿ’ ಅನ್ನುತ್ತಾರೆ. ಅವರಿಗೂ ಬೋರ್ ‘ಅಡಿಕ್ಕುತ್ತದೆ’, ಕಾಪಿ ಅಡಿಯುತ್ತಾರೆ, ಕುಡಿಯೋದಕ್ಕೆ ‘ತಣ್ಣಿ ಅಡಿ’ ಅನ್ನುತ್ತಾರೆ, ತಣ್ಣಿ ಅಂದರೆ ನೀರು ಅಂತ ಅರ್ಥವಿದ್ದರೂ. ತೆಲುಗಿನಲ್ಲಿ ಅದೇ ಜಾಗದಲ್ಲಿ ‘ಕೊಟ್ಟು’ ಇದೆ. ನಿಮ್ಮ ಸುತ್ತಮುತ್ತಲಿನ ಕೊಂಕಣಿಯನ್ನೇ ಕೇಳಿ. ಜಿಗಿಯೋದಕ್ಕೆ ‘ಉಡಿ ಮಾರ್‌ಪ’, ಕೂಗೋದಕ್ಕೆ ‘ಬೊಬ್ ಮಾರ್‌ಪ’. ಹಿಂದಿಯಲ್ಲೂ ಗಪ್ ಮಾರ್‌ನಾ, ಆಂಖ್ ಮಾರ್‌ನಾ ಇಲ್ಲವೇ? ನಿಮ್ಮ ವಿದ್ಯಾರ್ಥಿನಿ ದಿನಾ ಬಳಸುವ ಮಾತು ಅದು. ಅಲ್ಲಿಂದಲೇ ಶುರು ಮಾಡಿ. ಅರ್ಧ ಬಾಗಿಲು ಮೊದಲೇ ತೆರೆದಿದೆ.

ಒಂದು ಕಡೆ ಮಾತ್ರ ಎಚ್ಚರಿಕೆ. ಹಿಂದಿಯ ‘ಚಕ್ಕರ್ ಮಾರ್‌ನಾ’ ಅಂದರೆ ಒಂದು ಸುತ್ತು ಹೋಗಿಬರೋದು. ನಮ್ಮ ‘ಚಕ್ಕರ್ ಹೊಡೆ’ ಅಂದರೆ ತಪ್ಪಿಸಿಕೊಳ್ಳೋದು. ‘ಮಗ ಶಾಲೆಗೆ ಚಕ್ಕರ್ ಹೊಡೆದ’ ಅಂದಾಗ, ಶಾಲೆಗೆ ಹೋಗಿ ನೋಡಿಕೊಂಡು ಬಂದ ಅಂತ ಅವರು ಸಂತೋಷಪಟ್ಟಾರು.

ಗಜನಿಗದ್ದೆ (ಕುಮಟಾ)

ಎಲ್ಲರೂ ಕ್ರಿಯಾಪದ ಹಿಡಿದುಕೊಂಡಿದ್ದೀರಿ. ನಮಗೆ ‘ಹೊಡೆ’ ಒಂದು ವಸ್ತು. ಅಘನಾಶಿನಿ ಹೊಳೆಯ ಉಪ್ಪುನೀರು ಬರುವ ಗದ್ದೆಗೆ ಗಜನಿ ಅಂತೇವೆ, ಅಲ್ಲಿ ನಾವು ಕಗ್ಗ ಬೆಳೆಯುತ್ತೇವೆ. ಉಪ್ಪು ತಡೆಯುವ ಭತ್ತ ಅದು. ತೆನೆ ಹೊರಗೆ ಬರುವ ಮೊದಲು ಎಲೆಯ ಸೂಡಿನೊಳಗೆ ಉಬ್ಬಿಕೊಂಡು ಇರುತ್ತದಲ್ಲ, ಅದು ಹೊಡೆ. ‘ಗದ್ದೆ ಹೊಡೆಗೆ ಬಂತು’ ಅಂತೇವೆ. ಬಸುರಿಯ ಹೊಟ್ಟೆಯ ಹಾಗೆ. ಕೈಯಲ್ಲಿ ಮೆಲ್ಲಗೆ ಒತ್ತಿ ನೋಡಿದರೆ ಒಳಗಿನ ಎಳೆ ತೆನೆ ಗೊತ್ತಾಗುತ್ತದೆ, ಸೀಳಿದರೆ ಹಸಿರು ಬಿಳಿ, ನೀರು ನೀರು. ಆ ಹೊತ್ತಿನಲ್ಲಿ ಗದ್ದೆಯ ಅಂಚಿನಲ್ಲಿ ನಡೆಯುವಾಗ ನನ್ನ ಅಜ್ಜಿ ಮಕ್ಕಳಿಗೆ ಗದರುತ್ತಿದ್ದಳು. ಸುಮ್ನೆ ಕೈ ಬೀಸಿ ಹೊಡೆ ಮುರಿದರೆ ಪಾಪ ಅಂತ.

ಇದು ಬೇರೆಯೇ ಪದ ಇರಬೇಕು, ಬೇರುಬಿಳಲು ಸರ್ ಹೇಳಬೇಕು. ದಕ್ಷಿಣಕ್ಕೆ ಕುಂದಾಪುರ ಕಡೆ ಹೋದರೆ ‘ಹೊಡಿ’ ಅಂದರೆ ಪುಡಿ. ನನ್ನ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದೇವೆ. ಅವಳ ಅತ್ತೆ ‘ಚಾ ಹೊಡಿ ಎಲ್ಲಿತ್ತ್?’ ಅಂದರೆ ಡಬ್ಬಿ ಹುಡುಕಬೇಕು, ಕಪ್ ಅಲ್ಲ.

ಬೇರುಬಿಳಲು (ಸಿರಸಿ)

ಹೌದು, ಮೂರೂ ಬೇರೆ ಪದ. ಹಳಗನ್ನಡದಲ್ಲಿ ಪಾಲು, ಪುಲಿ ಇದ್ದದ್ದು ಹಾಲು, ಹುಲಿ ಆದ ಹಾಗೆ ಇವೂ ಬದಲಾದವು. ‘ಪೊಡೆ’ ಅಂದರೆ ಹೊಡೆಯೋದು. ಇನ್ನೊಂದು ‘ಪೊಡೆ’ ಅಂದರೆ ಹೊಟ್ಟೆ, ತೆನೆಯ ಬಸಿರು. ನಿಮ್ಮ ಅಜ್ಜಿ ಅದನ್ನು ಉಳಿಸಿಕೊಂಡಿದ್ದರು. ಪುಡಿಯದ್ದು ಹುಡಿಯಾಗಿ, ಕುಂದಾಪುರದವರ ಬಾಯಲ್ಲಿ ಹೊಡಿ ಆಯಿತು. ಬಸಿರಿಗೆ ಹೊಟ್ಟೆಯ ಹೋಲಿಕೆ ನೀವೇ ಕೊಟ್ಟಿರಲ್ಲ, ಸರಿಯಾಗಿ ಹೇಳಿದಿರಿ.

ಕಾಳಿತೀರ (ಕಾರವಾರ)

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಏನಾಯಿತು ಅಂತ ನಿಮಗೆಲ್ಲ ಹೇಳಲೇಬೇಕು.

ಬೇರುಬಿಳಲು ಸರ್ ಹೇಳಿದ ಹಾಗೆ ಹಿಂದಿಯಿಂದಲೇ ಶುರು ಮಾಡಿದೆ. ‘ಗಪ್ ಮಾರ್‌ನಾ’ದಲ್ಲಿ ಗಪ್ಪಿಗೆ ಪೆಟ್ಟು ಬೀಳುತ್ತದಾ ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ನಕ್ಕರು. ಆಮೇಲೆ ‘-ಗೆ’ ತೋರಿಸಿದೆ. ನೋಟ್‌ಬುಕ್ಕಿನ ಹಳೆಯ ಪುಟ ತೆಗೆದು ‘ನಾಯಿಗೆ’ ಅನ್ನೋದರ ‘ಗೆ’ಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಂಡರು. ನಾನು ಬಸ್ಸಿನಲ್ಲಿ ಕೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಬಿಸಿಲು, ವಾಸನೆ, ಕಾಪಿ, ಗೊರಕೆ, ಎಲ್ಲದಕ್ಕೂ ಸರಿಯಾಗಿ ಊಹಿಸಿದರು. ಚಕ್ಕರ್‌ನಲ್ಲಿ ಮಾತ್ರ ಸರ್ ಹೇಳಿದಂತೆಯೇ ಸಿಕ್ಕಿಬಿದ್ದರು.

ಮರ್ಯಾದೆ ವಿಷಯ ಹೇಳುವಾಗ ಅವರೇ ನನ್ನನ್ನು ತಿದ್ದಿದರು. ದೊಡ್ಡವರ ಮುಂದೆ, ದೇವರ ವಿಷಯದಲ್ಲಿ ಹೊಡಿ ಬೇಡ, ಅದು ಸಲಿಗೆಯ ಮಾತು ಅಂತ ನಾನು ಹೇಳುತ್ತಿದ್ದೆ. ‘ಮತ್ತೆ ಸೆಲ್ಯೂಟ್?’ ಎಂದರು. ನಿಜ ಅಲ್ವಾ? ಸೆಲ್ಯೂಟ್ ಹೊಡೆಯೋದು ದೊಡ್ಡವರಿಗೇ. ಅದರಲ್ಲಿ ಸಲಿಗೆ ಎಲ್ಲಿದೆ? ಸಲಾಂ ಹೊಡೆಯೋದರಲ್ಲಿ ಒಂದು ಕೀಳು ಭಾವ ಇದೆ, ಸೆಲ್ಯೂಟ್‌ನಲ್ಲಿ ಇಲ್ಲ. ಗುಡಿಯ ಗಂಟೆಯೂ ಹಾಗೆಯೇ. ಕೊನೆಗೆ ನಾನು ಹೀಗೆ ಹೇಳಿದೆ: ಒಂದೇ ಪೆಟ್ಟಿಗೆ, ಟಪ್ ಅಂತ ಆಗುವ ಕೆಲಸಕ್ಕೆ ಎಲ್ಲಿ ಬೇಕಾದರೂ ಹೊಡಿ ಅನ್ನಿ. ಊಟ, ನಿದ್ದೆ, ಹರಟೆ ಹೀಗೆ ನಿಧಾನದ ಕೆಲಸಕ್ಕೆ ಹಚ್ಚಿದರೆ ಆಗ ಅದು ಸಲಿಗೆ. ಇದು ಪೂರ್ತಿ ಸರಿ ಅಂತ ಹೇಳಲಾರೆ. ಆದರೆ ಅವರಿಗೆ ಅದು ಉಪಯೋಗಕ್ಕೆ ಬಂತು.

ಮೊನ್ನೆ ಪಾಠದ ಹೊತ್ತಿಗೆ ದೊಡ್ಡ ಮಳೆ. ನಾವು ಜಗಲಿಯಲ್ಲೇ ಕೂತಿದ್ದೆವು. ಗಾಳಿ ತಿರುಗಿ ಹನಿ ಒಳಗೆ ಬರತೊಡಗಿತು. ಅವರು ನೀಲಿ ನೋಟ್‌ಬುಕ್ಕನ್ನು ಸೆರಗಿನೊಳಗೆ ಮುಚ್ಚಿಕೊಂಡು ಎದ್ದು, ‘ಟೀಚರ್, ಇರಚಲು ಹೊಡೀತದೆ, ಒಳಗೆ ಹೋಗುವಾ’ ಎಂದರು. ಆ ಪದ ನಾನು ಕಲಿಸಿರಲಿಲ್ಲ. ಎಲ್ಲಿ ಕಲಿತಿರಿ ಅಂತ ಕೇಳಿದೆ. ಅವರ ಮನೆಯ ಕೆಳಗಡೆ ಒಬ್ಬ ಅಜ್ಜಿ ಇದ್ದಾರಂತೆ. ದಿನಾ ಮಳೆ ಬಂದಾಗ ಕಿಟಕಿ ಹಾಕು ಅಂತ ಮೇಲಕ್ಕೆ ಕೂಗುತ್ತಾರಂತೆ.